ಹಿಂದೆ ಹಿಡಿದುಕೊಳ್ಳುವವರು

ಎಂಜಿನ್ನಿನ ಮುಂದಿನ ದೊಡ್ಡ ನಟ್ ಬಿಚ್ಚಬೇಕಾದರೆ ಇಬ್ಬರು ಬೇಕು. ಒಬ್ಬರು ಮುಂದೆ ಕೂತು ಸ್ಪ್ಯಾನರ್ ಎಳೆಯಬೇಕು. ಇನ್ನೊಬ್ಬರು ಹಿಂದೆ ಇದ್ದು ಎಂಜಿನ್ ತಿರುಗದ ಹಾಗೆ ಹಿಡಿದುಕೊಳ್ಳಬೇಕು. ಎಂಜಿನ್ ಅಂದರೇನು ಅಂತ ಗೊತ್ತಾಗುವ ಮೊದಲೇ ನನಗೆ ಇದು ಗೊತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ ಮುಂದೆ, ಅವ್ವ ಹಿಂದೆ. ನಾನು ಜಗುಲಿಯ ಮೇಲೆ ಪುಸ್ತಕ ಹಿಡಿದುಕೊಂಡು.

ಅಪ್ಪ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕ ಬಾಡಿಗೆ ಕಾರು ನಿಲ್ಲಿಸುತ್ತಿದ್ದ. ಗುಂಡು ಬೆನ್ನಿನ ಕರಿ ಕಾರು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅಪ್ಪನ ಕೈಗೆ ಬರುವಷ್ಟರಲ್ಲಿ ಮೂವರು ಮಾಲೀಕರನ್ನು ಕಂಡಿತ್ತು. ಹೊಗೆಸೊಪ್ಪಿನ ಹರಾಜಿಗೆ ಹೋಗುವ ರೈತರು, ಹೆರಿಗೆ ನೋವು ಬಂದ ಹೆಂಗಸರು, ಸಾಲಿಗ್ರಾಮದ ಕಡೆಗೆ ಹೆಣ್ಣು ನೋಡಲು ಹೊರಟ ನೆಂಟರು, ಎಲ್ಲರೂ ಅದರಲ್ಲಿ ಕೂತವರೇ. ಭಾನುವಾರ ಬೆಳಿಗ್ಗೆ ಬಾಡಿಗೆ ಕಡಿಮೆ. ಆ ಹೊತ್ತು ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೆ ಬಾನೆಟ್ ಎತ್ತಿಕೊಂಡು ನಿಂತಿರುತ್ತಿತ್ತು. ಎಂಜಿನ್ನಿನ ಮುಂದಿನ ಆಯಿಲ್ ಸೀಲ್, ಎಣ್ಣೆ ತಡೆಯುವ ರಬ್ಬರು ಉಂಗುರ, ಆಗಾಗ ಹೋಗುತ್ತಿತ್ತು. ಹೋದರೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹೊಸ ಸೀಲ್ ಕೂರಿಸಲು ಆ ದೊಡ್ಡ ನಟ್ ಬಿಚ್ಚಲೇಬೇಕು.

ಹಿಡಿದುಕೊಳ್ಳುವುದು ಅಂದರೆ ಹೇಗೆ ಅಂತ ಹೇಳಿಬಿಡುತ್ತೇನೆ. ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ. ಅದರ ಅಂಚಿನ ಸುತ್ತ ಹಲ್ಲು. ಕೀಲಿ ತಿರುಗಿಸಿದಾಗ ಸೆಲ್ಫ್ ಮೋಟಾರು ಆ ಹಲ್ಲನ್ನು ಹಿಡಿದೇ ಎಂಜಿನ್ ತಿರುಗಿಸುವುದು. ಆ ಸೆಲ್ಫನ್ನು ಬಿಚ್ಚಿ ಪಕ್ಕಕ್ಕಿಟ್ಟರೆ ಅಂಗೈ ಅಗಲದ ಒಂದು ತೂತು ಉಳಿಯುತ್ತದೆ, ಒಳಗೆ ಹಲ್ಲು ಕಾಣುತ್ತದೆ. ಅವ್ವ ಆ ತೂತಿನೊಳಕ್ಕೆ ದಪ್ಪ ಸ್ಕ್ರೂಡ್ರೈವರ್ ತೂರಿಸಿ ಹಲ್ಲಿಗೆ ಆನಿಸಿ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದಳು. ಚಕ್ರ ನಿಂತರೆ ಎಂಜಿನ್ ನಿಂತ ಹಾಗೆ. ಅಪ್ಪ ಮುಂದೆ ನೆಲದ ಮೇಲೆ ಕೂತು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸುತ್ತಿದ್ದ. ನಡುವೆ ಕಾರಿನ ಮೈ ಇದ್ದದ್ದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಾತೇ ಆಧಾರ.

"ಲೇ, ಇಡ್ಕಂಡಿದ್ದೀಯೇನೇ?"

"ಊಂ, ಇಡ್ಕಂಡಿವ್ನಿ. ಎಳೀರಿ."

"ಜಾರ್ತಾ ಅದೆ ಕಣೇ. ಗಟ್ಟಿಯಾಗ್ ಇಡ್ಕೋ."

"ಗಟ್ಟಿಯಾಗೇ ಇಡ್ಕಂಡಿವ್ನಿ. ನಿಮ್ ರಟ್ಟೇಲಿ ಕಸುವಿಲ್ಲ ಅನ್ನಿ, ನನ್ ಮ್ಯಾಕ್ ಯಾಕ್ ಆಕ್ತೀರಿ?"

ಆಮೇಲೆ ಠಕ್ ಅಂತ ಒಂದು ಸದ್ದು. ನಟ್ ಸಡಿಲವಾದ ಸದ್ದು. ತಕ್ಷಣ ಅಪ್ಪ ಕೂಗುತ್ತಿದ್ದ: "ಬುಡು ಬುಡು ಬುಡು!" ಅವ್ವ ಸ್ಕ್ರೂಡ್ರೈವರ್ ಹೊರಕ್ಕೆಳೆದು, ಸೆರಗಿನಿಂದ ಕತ್ತು ಒರೆಸಿಕೊಂಡು, ಒಲೆಯ ಮೇಲೆ ಏನಿಟ್ಟಿದ್ದಳೋ ಅದನ್ನು ನೋಡಲು ಒಳಗೆ ಹೋಗುತ್ತಿದ್ದಳು. ವಾರವೆಲ್ಲ ಬೇರೆಯವರ ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಕೈ ಅದು. ಸೊಪ್ಪಿನ ಅಂಟು ಬೆರಳ ಸಂದಿಯಲ್ಲಿ ಕರ್ರಗೆ ಕೂತಿರುತ್ತಿತ್ತು. ಅದರ ಮೇಲೆ ಭಾನುವಾರದ ಗ್ರೀಸು.

ನಾನೂ ಹಿಡಿಯುತ್ತೇನೆ ಅಂತ ಒಂದು ಸಲ ಜಗುಲಿಯಿಂದ ಇಳಿದಿದ್ದೆ. ಅಪ್ಪ ಕಾರಿನ ಕೆಳಗಿಂದಲೇ ಗದರಿದ. "ಈ ಕೈಗ್ ಗ್ರೀಸ್ ಮೆತ್ಕಂಡ್ರೆ ಪೆನ್ನು ನಿಲ್ಲಾಕಿಲ್ಲ ಕಣವ್ವ. ಓಗು, ಓದ್ಕೋ ಓಗು." ಅವ್ವನೂ ತಲೆಯಾಡಿಸಿದಳು. ಮತ್ತೆ ನಾನು ಕೇಳಲಿಲ್ಲ.

ಓದಿದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಡಿಗ್ರಿ ಅಂತ ಪಡೆದ ಮೊದಲನೆಯವಳು ನಾನು. ಹುಣಸೂರಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮಾಡಿದೆ. ಆಮೇಲೆ ಮೈಸೂರಿನ ಹಾಸ್ಟೆಲಿನಲ್ಲಿದ್ದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಹುಣಸೂರಿನ ಪಿಯು ಕಾಲೇಜಿನಲ್ಲಿ ಕೆಲಸಕ್ಕೆ ಸೇರುವ ದಿನ ಅಪ್ಪ ಕಾರು ತೊಳೆದು ಸೀಟಿಗೆ ಬಿಳಿ ಟವೆಲ್ ಹಾಸಿದ್ದ. ನಾನು ಮುಂದೆ ಕೂರಲು ಹೋದರೆ ಬಾಗಿಲು ಹಿಡಿದುಕೊಂಡುಬಿಟ್ಟ. "ಮುಂದೆ ಕೂರೋದು ಕಿಲೀನರ್ ಕಣವ್ವ. ನೀನ್ ಹಿಂದೆ ಕೂತ್ಕೋ." ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಬಂದ. ಎದುರಿಗೆ ಬಂದ ಎರಡು ಎತ್ತಿನ ಗಾಡಿಗಳನ್ನು ಹೇಗೆ ತಪ್ಪಿಸಿದನೋ ದೇವರೇ ಬಲ್ಲ.

ಮದುವೆಯ ಮಾತು ಬಂದು ಹೋಯಿತು. ಓದಿದ್ದು ಜಾಸ್ತಿಯಾಯಿತು ಅಂದವರು ಕೆಲವರು, ಡ್ರೈವರ್ ಮಗಳು ಅಂದವರು ಕೆಲವರು. ನಾನೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಅವಳು ಹೋದ ಮೇಲೆ ಅಪ್ಪ ಆ ಎಂಜಿನ್ನಿನ ಮುಂಭಾಗಕ್ಕೆ ಸ್ಪ್ಯಾನರ್ ಹಾಕಲೇ ಇಲ್ಲ. ಸೀಲ್ ಹೋಯಿತು, ಎಣ್ಣೆ ತೊಟ್ಟಿಕ್ಕಿತು. ಕಾರಿನ ಕೆಳಗೆ ಹಳೇ ಗೋಣಿಚೀಲ ಹಾಸಿ, ದಿನಾ ಬೆಳಿಗ್ಗೆ ಎಣ್ಣೆ ತುಂಬಿಸಿ ಓಡಿಸಿದ. ಯಾಕೆ ಸರಿ ಮಾಡಿಸಲ್ಲ ಅಂತ ಕೇಳಿದರೆ "ನೋಡಾನ ಬುಡು" ಅನ್ನುತ್ತಿದ್ದ. ಹೋದ ವರ್ಷ ಅಪ್ಪನೂ ಹೋದ. ನಾನು ಕಾರನ್ನು ಹುಣಸೂರಿನ ನನ್ನ ಮನೆಗೆ ತಂದು ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆ. ಗೋಣಿಚೀಲವನ್ನೂ ತಂದೆ. ಹಿಂದಿನ ಸೀಟಿಗೆ ಅಪ್ಪ ಹಾಸುತ್ತಿದ್ದ ಬಿಳಿ ಟವೆಲನ್ನು ಹಾಗೇ ಬಿಟ್ಟೆ.

ಹಳೇ ಗಾಡಿ ರಸ್ತೆಯ ಮೇಲೆ ಓಡಬೇಕಾದರೆ ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಪಾಸಾಗಬೇಕು. ಕಳೆದ ದಸರೆಗೆ ಮುಂಚೆ ತೆಗೆದುಕೊಂಡು ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಕಾರಿನ ಸುತ್ತ ಎರಡು ಸುತ್ತು ಹಾಕಿ ಮೆಚ್ಚಿಕೊಂಡರು. ಆದರೆ ಕೆಳಗೆ ಬಿದ್ದ ಎಣ್ಣೆ ತೋರಿಸಿ, "ಇದನ್ನ ನಿಲ್ಲಿಸಿಕೊಂಡು ಈ ತಿಂಗಳೊಳಗೆ ಬನ್ನಿ ಮೇಡಂ, ಇಲ್ಲದಿದ್ದರೆ ಆಗಲ್ಲ" ಅಂದರು. ಊರಿನ ಗ್ಯಾರೇಜುಗಳಿಗೆ ಹೋದೆ. ಎಲ್ಲ ಕಡೆ ಒಂದೇ ಮಾತು. ಈ ಎಂಜಿನ್ನಿನ ಸಾಮಾನು ಈಗ ಸಿಗುವುದಿಲ್ಲ. ಬಿಚ್ಚುವಾಗ ಫ್ಲೈವೀಲಿನ ಒಂದು ಹಲ್ಲು ಮುರಿದರೂ ಗಾಡಿ ಗುಜರಿಗೇ. ಆ ಜವಾಬ್ದಾರಿ ನಮಗೆ ಬೇಡ. ಗುಜರಿಯವನಂತೂ ಆಗಲೇ ಎರಡು ಸಲ ಗೇಟಿನ ಹತ್ತಿರ ಬಂದು ಶೆಡ್ಡಿನ ಕಡೆ ಕತ್ತು ಉದ್ದ ಮಾಡಿ ಹೋಗಿದ್ದ.

ದಸರಾ ರಜೆ ಶುರುವಾಯಿತು. ನಾನೇ ಬಿಚ್ಚುತ್ತೇನೆ ಅಂದುಕೊಂಡೆ.

ಸೀಲ್ ಮೈಸೂರಿನಲ್ಲಿ ಸಿಕ್ಕಿತು. ಫೋನಿನಲ್ಲಿ ವಿಡಿಯೋ ನೋಡಿ ರೇಡಿಯೇಟರ್ ಇಳಿಸಿದೆ, ಸೆಲ್ಫ್ ಬಿಚ್ಚಿದೆ. ಅಪ್ಪನ ಸ್ಪ್ಯಾನರುಗಳು, ಅಪ್ಪನ ಪೈಪು, ಅವ್ವನ ಸ್ಕ್ರೂಡ್ರೈವರ್ ಒಂದು ಮರದ ಪೆಟ್ಟಿಗೆಯಲ್ಲಿ ಇದ್ದವು. ಟಾರ್ಚು ಹಾಕಿ ಸೆಲ್ಫಿನ ತೂತಿನೊಳಗೆ ನೋಡಿದೆ. ಹಲ್ಲುಗಳೆಲ್ಲ ನೆಟ್ಟಗಿದ್ದವು. ಆದರೆ ಎಂಜಿನ್ನನ್ನು ಕೈಯಲ್ಲೇ ತಿರುಗಿಸುವ ಹ್ಯಾಂಡಲನ್ನು ಮುಂದಿನಿಂದ ಹಾಕಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದಾಗ ನಾಲ್ಕೈದು ಹಲ್ಲುಗಳ ಬುಡದಲ್ಲಿ ಮಿಣಮಿಣ ಗೀರುಗಳು ಕಂಡವು. ಸ್ಕ್ರೂಡ್ರೈವರಿನ ತುದಿ ಆನಿಸಿದ ಜಾಗ. ಬೇರೆ ಯಾರೂ ಆ ಜಾಗಕ್ಕೆ ಕೈ ಹಾಕಿಲ್ಲ. ಆ ಗೀರುಗಳ ಮೇಲೆ ಬೆರಳಾಡಿಸಿ ಟಾರ್ಚು ಆರಿಸಿದೆ.

ಸ್ಕ್ರೂಡ್ರೈವರನ್ನು ಒಬ್ಬಳೇ ಹಿಡಿಯಲಾಗದು. ಅಲ್ಲಿ ಹಿಡಿದರೆ ಇಲ್ಲಿ ಎಳೆಯುವವರಿಲ್ಲ. ಒಬ್ಬರೇ ಕೆಲಸ ಮಾಡುವವರಿಗಾಗಿ ಫ್ಲೈವೀಲ್ ಲಾಕ್ ಅಂತ ಒಂದು ಸಾಧನ ಇದೆ ಎಂದು ಓದಿ ತಿಳಿದೆ. ಒಂದು ಉಕ್ಕಿನ ಪಟ್ಟಿ. ಅದರ ತುದಿಯಲ್ಲಿ ಹಲ್ಲು. ಸೆಲ್ಫ್ ಇದ್ದ ಜಾಗದಲ್ಲಿ ಬೋಲ್ಟು ಹಾಕಿ ಕೂರಿಸಿದರೆ ಅದರ ಹಲ್ಲು ಚಕ್ರದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. 'ಎಲ್ಲ ಗಾಡಿಗೂ ಆಗುತ್ತದೆ' ಅಂತ ಬರೆದಿದ್ದ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ನೀಲಿ ಬಣ್ಣದ್ದು, ಚೆನ್ನಾಗಿತ್ತು. ನನ್ನ ಗಾಡಿಗೆ ಆಗಲಿಲ್ಲ. ಅದರ ಹಲ್ಲು ಸಣ್ಣ, ಒತ್ತೊತ್ತು. ನಮ್ಮ ಕಾರಿನದು ದಪ್ಪ, ದೂರ ದೂರ. ಬಾಚಣಿಗೆಗೂ ಕುಂಟೆಗೂ ಇರುವಷ್ಟು ವ್ಯತ್ಯಾಸ.

ಆಗ ಪಿರಿಯಾಪಟ್ಟಣಕ್ಕೆ ಬಸ್ಸು ಹತ್ತಿದೆ. ಅಪ್ಪನ ಜೊತೆ ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸುತ್ತಿದ್ದವರಲ್ಲಿ ಒಬ್ಬರು ಮಾತ್ರ ಉಳಿದಿದ್ದಾರೆ. ಈಗ ಗಾಡಿ ಇಲ್ಲ, ಆದರೂ ದಿನಾ ಸ್ಟ್ಯಾಂಡಿಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಚಿಕ್ಕಂದಿನಿಂದ ನಾನು ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು.

"ಏನವ್ವ ಮೇಷ್ಟ್ರಮ್ಮ," ಅಂದರು, "ಇನ್ನೂ ಮಡೀಕಂಡಿದ್ದೀಯಾ ಆ ಮುದುಕೀನ?"

"ಇಟ್ಕೊಂಡಿದ್ದೀನಿ ದೊಡ್ಡಪ್ಪ. ಮುಂದಿನ ಸೀಲ್ ಹೋಗಿದೆ. ನಾನೇ ಬಿಚ್ಚೋಣ ಅಂತಿದ್ದೀನಿ."

"ನೀನಾ?" ಟೀ ಲೋಟ ಕೆಳಗಿಟ್ಟರು. "ನಿಮ್ಮಪ್ಪ ಕೇಳಿಸ್ಕಂಡಿದ್ರೆ ಎದ್ ಬತ್ತಿದ್ದ. ಸರಿ, ಹಿಂದೆ ಯಾರ್ ಇಡ್ಕತಾರೆ?"

"ಅದೇ ಕೇಳೋಣ ಅಂತ ಬಂದೆ. ಗೇರಿಗೆ ಹಾಕಿ ಬ್ರೇಕ್ ಹಿಡಿದರೆ ಆಗಲ್ವಾ?"

"ಬ್ರೇಕ್ ಮೆಟ್ಟಾಕೆ ಒಬ್ರು ಬ್ಯಾಡ್ವಾ? ಹ್ಯಾಂಡ್ ಬ್ರೇಕು ಆ ಎಳೆತಕ್ಕೆ ನಿಂತದಾ?"

"ಸ್ಕ್ರೂಡ್ರೈವರನ್ನೇ ಅಲ್ಲಿ ಬಿಗಿಯಾಗಿ ಕಟ್ಟಿಬಿಟ್ಟರೆ?"

"ಕಟ್ಟಿದ್ದುಕ್ಕೆ ಕೈಯ ಹದ ಬತ್ತದೇನವ್ವ? ನಿಮ್ಮವ್ವ ಎಳೆತ ನೋಡ್ಕಂಡು ಒಂಚೂರು ಕೊಡೋಳು, ಒಂಚೂರು ಇಡ್ಯೋಳು. ಕಟ್ಟಿದ್ ಕಬ್ಣ ಹಲ್ ಕಿತ್ಕಂಡ್ ಓಯ್ತದೆ." ಆಮೇಲೆ ತಮ್ಮ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. "ನಾನೇ ಬತ್ತಿದ್ದೆ ಕಣವ್ವ. ನೋಡು, ಟೀನೇ ಅರ್ಧ ಚೆಲ್ಲೋಯ್ತದೆ. ಲೇತ್‌ನೋರ್ ತಾವ ಓಗು. ಅದೇ ಹಲ್ಲಿನ ಅಳತೇಗೆ ಒಂದ್ ಪಟ್ಟಿ ಮಾಡ್ಸು, ಹಲ್ಲಿಗ್ ಹಲ್ಲು ಪೂರ್ತಿ ಕೂತ್ರೆ ಮುರಿಯಾಕಿಲ್ಲ."

ಹುಣಸೂರಿನಲ್ಲಿ ನನಗೆ ಗೊತ್ತಿರುವ ಒಬ್ಬ ಲೇತ್‌ನವನಿದ್ದಾನೆ. ಹತ್ತಿಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿ. ಈಗ ಟ್ರ್ಯಾಕ್ಟರಿನ ಸಾಮಾನು, ಬೋರ್‌ವೆಲ್ಲಿನ ಸಾಮಾನು ಮಾಡಿಕೊಡುತ್ತಾನೆ, ಕೈ ತುಂಬ ಕೆಲಸ. ನಾನು ಹೋಗಿ ಹೇಳಿದ್ದನ್ನು ಕೇಳಿ ಗಿರಾಕಿಗಳ ಮುಂದೆಯೇ ನಕ್ಕ.

"ನಿಮ್ ಪೇಪರಲ್ಲೇ ಮೇಡಂ ನಾನು ಡುಮ್ಕಿ ಒಡ್ದಿದ್ದು. ಈಗ ನನ್ ತಾವ್ಕೇ ಬಂದ್ರಲ್ಲ."

"ನೀನು ಉತ್ತರ ಬರೆದಿದ್ದರೆ ನಾನು ಮಾರ್ಕ್ಸ್ ಕೊಡ್ತಿರಲಿಲ್ವೇನೋ?"

"ಬುಡಿ ಬುಡಿ, ಹಳೇದು. ಹಲ್ಲಿನ ಅಳತೆ ತನ್ನಿ. ಇಲ್ಲಾಂದ್ರೆ ಭಾನುವಾರ ನಾನೇ ಬತ್ತೀನಿ ಮೇಡಂ. ಲಾಕೂ ಬ್ಯಾಡ ಏನೂ ಬ್ಯಾಡ. ನಾನ್ ಹಿಂದೆ ಇಡ್ಕತೀನಿ, ನೀವ್ ಎಳೀರಿ. ಐದ್ ನಿಮಿಷದ್ ಕೆಲ್ಸ."

ನಾನು ಬೇಡ ಅಂದೆ. ಯಾಕೆ ಅಂದೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಓದಿದವಳ ಜಂಬ ಅನ್ನಬಹುದು, ಇದ್ದರೂ ಇತ್ತು. ಆದರೆ ಅವನು ಹಿಡಿಯುತ್ತೇನೆ ಅಂದ ಕೂಡಲೇ ನನಗೆ ಆ ತೂತಿನ ಹತ್ತಿರ ಬಗ್ಗಿ ನಿಂತ ಅವ್ವನ ಬೆನ್ನು ಕಂಡಿತು. ಆ ಜಾಗಕ್ಕೆ ಕಬ್ಬಿಣ ಬಂದರೆ ಬರಲಿ, ಇನ್ನೊಬ್ಬರು ಬೇಡ ಅನ್ನಿಸಿತು. "ಅಳತೆ ತರ್ತೀನಿ," ಅಂದು ಬಂದುಬಿಟ್ಟೆ.

ಅಳತೆ ತರುವುದು ಸುಲಭವಿರಲಿಲ್ಲ. ಪಟ್ಟಿಯ ಆಕಾರವನ್ನು ರಟ್ಟು ಕತ್ತರಿಸಿ ತೆಗೆದೆ, ಬೋಲ್ಟಿನ ತೂತುಗಳೂ ಸರಿಯಾಗಿ ಬಂದವು. ಆದರೆ ಹಲ್ಲು ಒಳಗೆ, ಓರೆಯಾಗಿ. ಕೈಯೇನೋ ಹೋಗುತ್ತದೆ, ಕಾಲೇಜಿನಿಂದ ತಂದ ವರ್ನಿಯರ್ ಅಳತೆಪಟ್ಟಿ ಹೋಗುವುದಿಲ್ಲ. ಯೋಚಿಸುತ್ತಾ ಅಡುಗೆಮನೆಗೆ ಹೋದೆ. ಮಧ್ಯಾಹ್ನದ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಬೆರಳಿನಿಂದ ಒತ್ತಿದೆ. ಬೆರಳಿನ ಗೆರೆ ಸಮೇತ ಅಚ್ಚು ನಿಂತಿತು.

ಆ ದಿನ ಎರಡನೇ ಮುದ್ದೆ ಕಟ್ಟಿದೆ. ಅಪ್ಪ ಹೋದ ಮೇಲೆ ನಾನು ಎರಡು ಮುದ್ದೆ ಕಟ್ಟಿದ್ದು ಅದೇ ಮೊದಲು. ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಂಟದಿರಲೆಂದು ಒಣ ರಾಗಿಹಿಟ್ಟು ಉದುರಿಸಿ, ಬಿಸಿ ಮುದ್ದೆಯನ್ನು ಅಂಗೈಯಲ್ಲಿಟ್ಟು ತೂತಿನೊಳಗೆ ಒತ್ತಿ ನಿಧಾನಕ್ಕೆ ಈಚೆಗೆ ತೆಗೆದೆ. ನಾಲ್ಕು ಹಲ್ಲು ಅಚ್ಚುಕಟ್ಟಾಗಿ ಬಂದಿದ್ದವು. ಅದನ್ನು ಟಿಫಿನ್ ಡಬ್ಬಿಯಲ್ಲಿ ಬಾಳೆಲೆಯ ಮೇಲಿಟ್ಟು, ಮುಚ್ಚಿದರೆ ಬೆವೆತು ಅಚ್ಚು ಕೆಡುತ್ತದೆ ಅಂತ ಮುಚ್ಚಳ ತೆರೆದುಕೊಂಡೇ ಲೇತ್ ಅಂಗಡಿಗೆ ಹೋದೆ.

ಅವನು ಡಬ್ಬಿಯೊಳಗೆ ನೋಡಿದ, ನನ್ನ ಮುಖ ನೋಡಿದ. "ಮುದ್ದೆ ತಂದವ್ರೆ ನಮ್ ಮೇಡಂ. ಸಾರೆಲ್ಲಿ ಮೇಡಂ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು ಅಂತ ಮನೆಗೆ ಬರುವಾಗ ಗೊತ್ತಾಯಿತು.

ಆ ಸಂಜೆ ಅವನು ನೆಂಟರ ಮನೆಯ ಕಾರ್ಯಕ್ಕೆಂದು ಎಚ್.ಡಿ. ಕೋಟೆಗೆ ಹೋದ. ಎರಡು ದಿನ ಕಳೆದು ಬಂದು ಪಟ್ಟಿ ಕೊರೆದು ಕೊಟ್ಟ. ಒಳ್ಳೇ ದಪ್ಪ ಪಟ್ಟಿ, ಬೋಲ್ಟಿನ ತೂತುಗಳು ಕರಾರುವಾಕ್ಕು. ಶೆಡ್ಡಿಗೆ ತಂದು ಕೂರಿಸಿದೆ. ಒಂದು ಹಲ್ಲು ಕೂತಿತು, ಎರಡನೆಯದು ಚಕ್ರದ ಹಲ್ಲಿನ ನೆತ್ತಿಯ ಮೇಲೆ ಹತ್ತಿ ನಿಂತಿತು. ತಿರುಗಿಸಿ ಮುರುಗಿಸಿ ನೋಡಿದೆ. ಇಲ್ಲ. ಸಿಟ್ಟು ಬಂತು. ವಾಪಸು ಹೋಗಿ ಗಿರಾಕಿಗಳ ಮುಂದೆ ನಾನೇ ಜೋರು ಮಾಡಿದೆ: "ಏನಪ್ಪ, ಅವತ್ತೂ ಹೀಗೇ, ಇವತ್ತೂ ಹೀಗೇನಾ?"

ಅವನು ಹೋಗಿ ಡಬ್ಬಿ ತಂದು ಮುಂದಿಟ್ಟ. ಮುದ್ದೆ ಒಣಗಿ ಕಲ್ಲಾಗಿತ್ತು, ಅಂಚಿನಲ್ಲಿ ಬಿರುಕು. ಪಟ್ಟಿಯ ಹಲ್ಲನ್ನು ಅದಕ್ಕಿಟ್ಟ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

"ನಿಮ್ ಮುದ್ದೆ ಅಳತೇಗೇ ಮಾಡಿವ್ನಿ ಮೇಡಂ," ಅಂದ ಮೆತ್ತಗೆ. "ಒಣಗಿರೋ ಮುದ್ದೆ."

ಒದ್ದೆಯದು ಒಣಗಿದರೆ ಕುಗ್ಗುತ್ತದೆ. ಅದನ್ನು ತಿಳಿಯಲು ಎಂ.ಎಸ್ಸಿ. ಬೇಡ, ರೊಟ್ಟಿ ತಟ್ಟುವ ಯಾವ ಹೆಂಗಸಿಗೂ ಗೊತ್ತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಅಳತೆಯ ದೋಷಗಳ ಪಾಠ ಮಾಡಿದವಳು ನಾನು. ಅವನನ್ನು ಕ್ಷಮಿಸು ಅಂತ ಕೇಳಬೇಕಿತ್ತು. "ಇನ್ನೆರಡು ದಿನ ಕೊಡು," ಅಂದು ಡಬ್ಬಿ ಎತ್ತಿಕೊಂಡು ಬಂದೆ.

ಮತ್ತೆ ಅದೇ ಪಾತ್ರೆಯಲ್ಲಿ, ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿದೆ. ಉದ್ದಕ್ಕೆ ತಟ್ಟಿ, ಸ್ಕೇಲ್ ಇಟ್ಟು ಹತ್ತು ಸೆಂಟಿಮೀಟರಿಗೆ ಎರಡು ಗೀರು ಎಳೆದು, ಅಂಥದ್ದೇ ಡಬ್ಬಿಯಲ್ಲಿ ಬಾಳೆಲೆಯ ಮೇಲೆ ಎರಡು ದಿನ ಒಣಗಿಸಿದೆ. ಮೂರನೆಯ ದಿನ ಗೀರುಗಳ ನಡುವಿನ ದೂರ ಅಳೆದೆ. ಎಷ್ಟು ಕುಗ್ಗಿತ್ತೋ ಅಷ್ಟನ್ನು ಲೆಕ್ಕ ಹಾಕಿ ಹಳೇ ಅಚ್ಚಿನ ಅಳತೆಗೆ ಸೇರಿಸಿ, ಒಂದು ಹಾಳೆಯಲ್ಲಿ ಚಿತ್ರ ಬರೆದು ಅಳತೆ ಹಾಕಿ ಅವನಿಗೆ ಕೊಟ್ಟೆ. ಅವನು ಹಾಳೆಯನ್ನು ತುಂಬ ಹೊತ್ತು ನೋಡಿದ.

"ಪರೀಕ್ಷೇಲಿ ಇಂಥಾದ್ ಕೇಳಿದ್ರೆ ನಾನ್ ಪಾಸಾಗ್ಬುಡ್ತಿದ್ದೆ ಮೇಡಂ," ಅಂದ. ಆಮೇಲೆ, "ಭಾನುವಾರ ಬರ್ಲಾ?" ಅಂತ ಇನ್ನೊಂದು ಸಲ ಕೇಳಿದ. ಬೇಡಪ್ಪ ಅಂದೆ.

ಎರಡನೇ ಪಟ್ಟಿ ಸರಿಯಾಗಿ ಕೂತಿತು. ಎರಡು ಹಲ್ಲು ಚಕ್ರದ ಹಲ್ಲುಗಳ ನಡುವೆ ಬುಡದವರೆಗೂ ಇಳಿದವು. ಬೋಲ್ಟು ಬಿಗಿದೆ. ಹ್ಯಾಂಡಲ್ ಹಾಕಿ ಅಲ್ಲಾಡಿಸಿದೆ, ಎಂಜಿನ್ ಕೂದಲೆಳೆಯಷ್ಟೂ ಕದಲಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತು. ತಗಡಿನ ಮೇಲೆ ಬಿಸಿಲು ಬೀಳುತ್ತಿತ್ತು. ಅಪ್ಪ ಕೂರುತ್ತಿದ್ದ ಹಾಗೆ ಕಾರಿನ ಮುಂದೆ ನೆಲದ ಮೇಲೆ ಕೂತು, ಒಂದು ಕಾಲನ್ನು ಬಂಪರಿಗೆ ಆನಿಸಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಹಲ್ಲು ಮುರಿದರೆ ಅನ್ನುವ ಭಯಕ್ಕೆ ಕೈ ತಾನಾಗೇ ಸಡಿಲವಾಗುತ್ತಿತ್ತು. ಹಿಂದಿನಿಂದ ಇಡ್ಕಂಡಿವ್ನಿ ಅನ್ನುವ ಮಾತು ಬರದಿದ್ದರೆ ಪೂರ್ತಿ ಕಸುವು ಹಾಕಲು ಆಗುವುದೇ ಇಲ್ಲ ಅಂತ ಆಗ ತಿಳಿಯಿತು. ಎದ್ದು ಹೋಗಿ ಪಟ್ಟಿಯನ್ನು ಮುಟ್ಟಿ ನೋಡಿಕೊಂಡು ಬಂದೆ. ಮತ್ತೆ ಎಳೆದೆ. ಮತ್ತೆ ಎದ್ದು ಹೋಗಿ ನೋಡಿದೆ. ಹೀಗೆ ನಾಲ್ಕು ಸಲ. ಐದನೇ ಸಲ ಕಣ್ಣು ಮುಚ್ಚಿ ಮೈಯ ಭಾರವನ್ನೆಲ್ಲ ಪೈಪಿನ ಮೇಲೆ ಹಾಕಿದೆ.

ಠಕ್.

ಹಲ್ಲೋ ನಟ್ಟೋ ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ನಟ್ ಕಾಲು ಸುತ್ತು ತಿರುಗಿತ್ತು.

ಉಳಿದದ್ದು ವಿಡಿಯೋದಲ್ಲಿದ್ದ ಹಾಗೇ ಆಯಿತು. ನಟ್ಟಿನ ಹಿಂದಿದ್ದ ಪುಲ್ಲಿ ಎಳೆದೆ, ಹಳೇ ಸೀಲ್ ಕಿತ್ತೆ. ಅದು ಬಿಸಿಗೆ ಸುಟ್ಟು ಬಳೆಯ ಹಾಗೆ ಗಟ್ಟಿಯಾಗಿತ್ತು. ಅಪ್ಪ ಅವ್ವ ಇಬ್ಬರೂ ಸೇರಿ ಹಾಕಿದ ಕೊನೆಯ ಸೀಲ್ ಅದು. ಎಸೆಯಲಿಲ್ಲ, ಪೆಟ್ಟಿಗೆಯಲ್ಲಿ ಹಾಕಿದೆ. ಹೊಸದನ್ನು ಕೂರಿಸಿ, ಪುಲ್ಲಿ ಹಾಕಿ, ನಟ್ ಬಿಗಿದೆ. ಬಿಗಿಯುವಾಗ ಧೈರ್ಯವಾಗಿ ಎಳೆದೆ. ಕೈ ತೊಳೆದು, ಊಟ ಮಾಡಿ ಬಂದು, ರೇಡಿಯೇಟರ್ ಕೂರಿಸುವ ಮುಂಚೆ ಎಂಜಿನ್ ಸಲೀಸಾಗಿ ತಿರುಗುತ್ತದೋ ನೋಡೋಣ ಅಂತ ಹ್ಯಾಂಡಲ್ ಹಾಕಿದೆ.

ಎಂಜಿನ್ ತಿರುಗಲಿಲ್ಲ.

ಎರಡು ಕೈ ಹಾಕಿದೆ. ಗೋಡೆಗೆ ಹ್ಯಾಂಡಲ್ ಹಾಕಿದ ಹಾಗೆ. ಒಳಗೆ ಏನೋ ಬಿದ್ದಿದೆ, ಇಲ್ಲ ಸೀಲನ್ನು ಓರೆಯಾಗಿ ಕೂರಿಸಿ ಜಾಮ್ ಮಾಡಿದ್ದೇನೆ. ಐವತ್ತು ವರ್ಷ ಓಡಿದ ಎಂಜಿನ್ನನ್ನು ಒಂದು ಭಾನುವಾರದಲ್ಲಿ ಕೊಂದೆ ಅಂದುಕೊಂಡೆ. ಅಪ್ಪ ಗದರಿ ಜಗುಲಿಗೆ ಅಟ್ಟಿದ್ದು ಸರಿಯಾಗೇ ಇತ್ತು. ಶೆಡ್ಡಿನ ಬಾಗಿಲಲ್ಲಿ ಕೂತುಬಿಟ್ಟೆ. ಬಿಸಿಲು ಆ ಕಡೆಯಿಂದ ಈ ಕಡೆಗೆ ತಿರುಗಿತು. ಯಾರಾದರೂ ಬಂದು ಏನಾಯಿತು ಅಂತ ಕೇಳಿದ್ದರೆ 'ಏನಿಲ್ಲ' ಅನ್ನುತ್ತಿದ್ದೆ, ಆದರೆ ಅನ್ನಲಿಕ್ಕಾದರೂ ಯಾರಾದರೂ ಬರಬೇಕಿತ್ತು. ಆ ಬೀದಿಯಲ್ಲಿ ಭಾನುವಾರ ಮಧ್ಯಾಹ್ನ ಯಾರೂ ಬರುವುದಿಲ್ಲ. ಕೊನೆಗೆ ನಾನೇ ಲೇತ್‌ನವನಿಗೆ ಫೋನು ಮಾಡಿದೆ.

"ನಟ್ ಬಂತಾ ಮೇಡಂ?" ಅಂದ ಎತ್ತಿದ ಕೂಡಲೇ.

"ಬಂತು. ಎಲ್ಲ ಹಾಕಿಯೂ ಆಯಿತು. ಆದರೆ ಎಂಜಿನ್ ತಿರುಗ್ತಾ ಇಲ್ಲ ಕಣಪ್ಪ. ಹಾಳು ಮಾಡಿಬಿಟ್ಟೆ ಅನ್ಸುತ್ತೆ."

ಹಿಂದೆ ಅವನ ಮನೆಯವರ ಮಾತು, ಪಾತ್ರೆಯ ಸದ್ದು ಕೇಳುತ್ತಿತ್ತು.

"ಹಿಂದಿನ ಪಟ್ಟಿ ಬಿಚ್ಚಿದ್ರಾ ಮೇಡಂ?"

"ಇಲ್ಲ," ಅಂದೆ. ಅವನು ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. "ಆಯ್ತದೆ ಬುಡಿ ಮೇಡಂ, ಎಲ್ರಿಗೂ ಆಯ್ತದೆ," ಅಂದು ಫೋನಿಟ್ಟ.

ಬೆಳಿಗ್ಗೆ ಠಕ್ ಅಂದಾಗ ಯಾರೂ ಕೂಗಿರಲಿಲ್ಲ. ಕೂಗಿದ್ದರೂ ಕಬ್ಬಿಣ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿಡಿ ಅಂದಿದ್ದೆ, ಹಿಡಿದುಕೊಂಡೇ ಇತ್ತು. ನಾನು ಕೈ ತೊಳೆದು ಉಂಡು ಬಂದರೂ ಬಿಟ್ಟಿರಲಿಲ್ಲ. ಹಿಂದಕ್ಕೆ ಹೋಗಿ ಬಗ್ಗಿ, ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. "ಬುಡು" ಅಂದೆ. ಜೋರಾಗೇನೂ ಅಲ್ಲ. ಪಟ್ಟಿ ಕೈಗೆ ಬಂತು. ಮುಂದೆ ಬಂದು ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಅಂಬಲಿ ತಿರುವಿದಷ್ಟು ಹಗುರಾಗಿ ತಿರುಗಿತು.

ಉಳಿದದ್ದನ್ನೆಲ್ಲ ಕೂರಿಸಿ, ಮೂರು ದಿನ ಗೋಣಿಚೀಲ ತೆಗೆದು ಕಾರಿನ ಕೆಳಗೆ ದಿನಪತ್ರಿಕೆ ಹಾಸಿಟ್ಟೆ. ಒಂದು ತೊಟ್ಟು ಬೀಳಲಿಲ್ಲ. ತಪಾಸಣೆಯಲ್ಲಿ ಪಾಸಾಯಿತು. ಅಲ್ಲಿಂದ ನೇರ ಪಿರಿಯಾಪಟ್ಟಣಕ್ಕೆ ಓಡಿಸಿಕೊಂಡು ಹೋಗಿ, ಅಪ್ಪ ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿದೆ. ಅಲ್ಲೀಗ ಆಟೋಗಳ ಸಾಲು, ಒಬ್ಬ ಹಾರನ್ ಹೊಡೆದ. ದೊಡ್ಡಪ್ಪ ಬೆಂಚಿನಿಂದ ಎದ್ದು ಬಂದರು. ಹಾರನ್ ಹೊಡೆದವನನ್ನು ಬೈದುಕೊಂಡೇ ಮಂಡಿಯೂರಿ ಎಂಜಿನ್ನಿನ ಕೆಳಗೆ ಬೆರಳಾಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು.

"ಒಣಗೇ ಅದಲ್ಲವ್ವ. ಯಾರ್ ಇಡ್ಕಂಡಿದ್ರು ಹಿಂದೆ?"

ಡ್ಯಾಶ್‌ಬೋರ್ಡಿನ ಗೂಡಿನಿಂದ ಪಟ್ಟಿ ತೆಗೆದು ಕೊಟ್ಟೆ. ಅದುರುವ ಕೈಯಲ್ಲಿ ಅದನ್ನು ತಿರುಗಿಸಿ ನೋಡಿದರು, ಹಲ್ಲಿನ ಮೇಲೆ ಹೆಬ್ಬೆಟ್ಟು ಸವರಿದರು. "ಚೆನ್ನಾಗ್ ಮಾಡವ್ನೆ," ಅಂದರು. ಆಮೇಲೆ, "ಒಬ್ಳೇ ಮಾಡ್ದಾ?" ಅಂತ ಕೇಳಿದರು. ನಾನು ಊಂ ಅಂದೆ. ಅವರು ಪಟ್ಟಿಯನ್ನು ನನ್ನ ಕೈಗೆ ಹಾಕಿ, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು ಇತ್ತು.

ಹುಣಸೂರಿಗೆ ವಾಪಸು ಬರುವಾಗ ಕನ್ನಡಿ ಸರಿಮಾಡಿಕೊಂಡೆ. ಅಪ್ಪನ ಎತ್ತರಕ್ಕೆ ಇಟ್ಟದ್ದನ್ನು ಇಲ್ಲಿಯವರೆಗೆ ನಾನು ಮುಟ್ಟಿರಲಿಲ್ಲ. ರಸ್ತೆ ಕಾಣುವುದಕ್ಕೆ ಮುಂಚೆ ಹಿಂದಿನ ಸೀಟು ಕಂಡಿತು. ಬಿಳಿ ಟವೆಲ್ ಹಾಸಿಕೊಂಡು ಖಾಲಿ ಇತ್ತು.